ಆಯುಧಪೂಜೆಯ ಮಾರನೆಯ ದಿನದ ಫೋಟೋ

ಕ್ಯಾಮೆರಾದ ಪಕ್ಕದ ಪುಟ್ಟ ಬಾಗಿಲನ್ನು ಉಗುರಿನಿಂದ ಎತ್ತಿ ನೋಡಿದರೆ ಒಳಗೆ ಏನೂ ಇರಲಿಲ್ಲ. ದೇವೇಂದ್ರ ಬಾಗಿಲು ಮುಚ್ಚಿ ಮತ್ತೊಮ್ಮೆ ಎತ್ತಿದ. ಎರಡನೆಯ ಸಲಕ್ಕೆ ಕಾರ್ಡು ತಾನಾಗಿ ಬಂದು ಕೂತಿರಬಹುದು ಎಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು. ತೆಗೆದ ಫೋಟೋಗಳೆಲ್ಲ ಹೋಗಿ ಸೇರಬೇಕಾದ, ಅಂಚೆಚೀಟಿಯಷ್ಟಗಲದ ಆ ಕಾರ್ಡಿನ ಜಾಗ ಬರೀ ಸೀಳಾಗಿ ಬಾಯಿ ತೆರೆದುಕೊಂಡಿತ್ತು. ಲೆನ್ಸಿನ ಸುತ್ತ ನಿನ್ನೆ ಪೂಜೆಗೆ ಇಟ್ಟ ಅರಿಸಿನ ಕುಂಕುಮ ಮಾತ್ರ ಹಾಗೇ ಇತ್ತು.

ಸ್ಟುಡಿಯೋದ ಪ್ಲೈವುಡ್ ಗೋಡೆಯ ಆಚೆ, ಜಲಪಾತ ಬರೆದ ಪರದೆಯ ಮುಂದಿನ ಸ್ಟೂಲಿನ ಮೇಲೆ ಮಾರಕ್ಕ ಕೂತಿದ್ದಳು. ಹಳ್ಳಿಯಿಂದ ಅವನ ಸ್ಕೂಟರಿನ ಹಿಂದೆಯೇ ಬಸ್ಸು ಹತ್ತಿ ದೇವನಹಳ್ಳಿಗೆ ಬಂದವಳು. ನಾಳೆ ಕಳಿಸಿಕೊಡುತ್ತೇನೆ ಎಂದರೆ ಕೇಳಿರಲಿಲ್ಲ. ಪ್ರಿಂಟು ಕೈಗೆ ಬರುವವರೆಗೆ ಏಳುವುದಿಲ್ಲ ಎಂದು ಬಾಗಿಲಲ್ಲೇ ಹೇಳಿ ಒಳಗೆ ಬಂದಿದ್ದಳು.

"ಏನಪ್ಪಾ, ಇಳೀತಾ ಫೋಟೋ?"

"ಒಂದ್ನಿಮಿಷ ಅಕ್ಕ."

"ಆಗ್ಲಿಂದ ಒಂದ್ನಿಮಿಷ ಅಂತಿದೀಯ."

ದೇವೇಂದ್ರ ಚೀಲ ತಡಕಿದ. ಪ್ಯಾಂಟಿನ ಎರಡೂ ಜೇಬು ತಡಕಿದ. ಪರ್ಸಿನಲ್ಲಿ, ಮನೆದೇವರ ಪಟದ ಹಿಂದೆ, ಅವನು ಯಾವಾಗಲೂ ಇಟ್ಟುಕೊಳ್ಳುತ್ತಿದ್ದ ಎರಡನೆಯ ಕಾರ್ಡೂ ಇರಲಿಲ್ಲ. ಆಗ ಅವನು ಮಾಡಬಾರದ ಕೆಲಸ ಮಾಡಿದ. ಹೊರಗೆ ಬಂದು, "ಕರೆಂಟಿಲ್ಲ ಅಕ್ಕ, ಕಂಪ್ಯೂಟರ್ ಆನ್ ಆಗ್ತಿಲ್ಲ" ಎಂದ.

ಮಾರಕ್ಕ ತಲೆಯೆತ್ತಿ ಉರಿಯುತ್ತಿದ್ದ ಟ್ಯೂಬ್‌ಲೈಟನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಒಂದು ಸುಳ್ಳು ಮುಚ್ಚಲು ಇನ್ನೊಂದು ಬೇಕಾಗುತ್ತದೆ ಎಂಬುದು ಗೊತ್ತಿದ್ದೂ ದೇವೇಂದ್ರ ಇನ್ನೊಂದನ್ನು ಹೇಳಿದ. ಫೋಟೋ ಸ್ವಲ್ಪ ಅಲ್ಲಾಡಿದೆ, ಬೆಳಕು ಸರಿಯಿಲ್ಲ, ನಾಳೆ ಹೋಗಿ ಮತ್ತೊಂದು ತೆಗೆದುಕೊಂಡು ಬರುತ್ತೇನೆ ಎಂದ.

"ಅಲ್ಲಾಡಿಲ್ಲ ಕಣಪ್ಪಾ. ನಾನು ನೋಡ್ದೆನಲ್ಲ. ನೀನೇ ತೋರಿಸ್ದೆ ಹಿಂದ್ಗಡೆ ಗಾಜಲ್ಲಿ. ಅವ್ರು ಕುರ್ಚಿ ಮೇಲೆ ಕೂತಿದ್ರು, ನಾನು ಈ ಪಕ್ಕ, ಕೀರ್ತನ ಆ ಪಕ್ಕ. ನನ್ನ ಮೂಗುಬೊಟ್ಟು ಸೈತ ಕಾಣಿಸ್ತು."

ಅದು ನಿಜವಾಗಿತ್ತು. ಕಷ್ಟ ಇದ್ದದ್ದೇ ಅಲ್ಲಿ.

ಆ ಕ್ಯಾಮೆರಾದ ಗುಣವೇ ಹಾಗೆ. ಕಾರ್ಡು ಹಾಕದಿದ್ದರೂ ಗೊಣಗದೆ ಫೋಟೋ ತೆಗೆಯುತ್ತದೆ, ತೆಗೆದದ್ದನ್ನು ಹಿಂದಿನ ಗಾಜಿನಲ್ಲಿ ತೋರಿಸುತ್ತದೆ, ಗುಂಡಿ ಮತ್ತೆ ಒತ್ತಿದ ಕೂಡಲೇ ಮರೆತುಬಿಡುತ್ತದೆ. ಮೂಲೆಯಲ್ಲಿ ಮಾತ್ರ ಸಣ್ಣ ಅಕ್ಷರಗಳಲ್ಲಿ ಕಾರ್ಡಿಲ್ಲ ಎಂದು ಬರುತ್ತದೆ, ಹುಡುಕಿ ನೋಡಿದವರಿಗೆ. ಇದನ್ನು ಮಾರಕ್ಕನಿಗೆ ಹೇಗೆ ಹೇಳುವುದು? ಕಣ್ಣಾರೆ ಕಂಡದ್ದು ಇಲ್ಲ ಎಂದರೆ ಯಾರು ತಾನೆ ನಂಬುತ್ತಾರೆ?

ನಂಬುವ ಕಾಲವೂ ಅದಲ್ಲ. ವಿಮಾನ ನಿಲ್ದಾಣದ ಕೆಲಸ ಮುಗಿಯುತ್ತ ಬಂದಿದ್ದ ವರ್ಷ ಅದು. ದೇವನಹಳ್ಳಿ ಸುತ್ತಲಿನ ಊರುಗಳಲ್ಲಿ ಇಬ್ಬರು ನಿಂತು ಮಾತಾಡಿದರೆ ಮೂರನೆಯವನು ತನ್ನ ಪಹಣಿ ಸರಿಯಿದೆಯೇ ಎಂದು ತಾಲ್ಲೂಕು ಕಚೇರಿಗೆ ಓಡುತ್ತಿದ್ದ. ಅಣ್ಣ ಕೊಟ್ಟ ಕಾಫಿಯನ್ನು ತಮ್ಮ ಯೋಚಿಸಿ ಕುಡಿಯುತ್ತಿದ್ದ. ಬಿಳಿ ಅಂಗಿ ಹಾಕಿದವನೆಲ್ಲ ದಲ್ಲಾಳಿ, ನಕ್ಕವನೆಲ್ಲ ಏನೋ ಬಚ್ಚಿಟ್ಟವನು. ಊರಿಗೆ ಊರೇ ಹೀಗಿದ್ದಾಗ ಮಾರಕ್ಕ ಬೇರೆ ಹೇಗಿರಲು ಸಾಧ್ಯ?

ಅವಳು ಮೊದಲಿನಿಂದಲೂ ಎಚ್ಚರದ ಹೆಂಗಸು. ರೇಷ್ಮೆಹುಳ ಸಾಕಿ ಬದುಕಿದವಳು. ಹುಳದ ಮನೆಗೆ ಕಾಲು ತೊಳೆಯದೆ ಯಾರನ್ನೂ ಬಿಟ್ಟುಕೊಂಡವಳಲ್ಲ, ಯಾರ ಕಣ್ಣು ಹೇಗಿರುತ್ತದೋ ಎಂದು. ಇಪ್ಪತ್ತನಾಲ್ಕು ವರ್ಷದ ಹಿಂದೆ, ಊರಿನ ದೊಡ್ಡ ಹಿಡುವಳಿದಾರ ಅಪ್ಪಯ್ಯಣ್ಣ ಮುನೇಶ್ವರನ ಗುಡಿಯಲ್ಲಿ ಅವಳಿಗೆ ತಾಳಿ ಕಟ್ಟಿದ್ದ. ಮನೆಯಲ್ಲಿ ಹೆಂಡತಿ ಅಮ್ಮಯಮ್ಮ ಇದ್ದಳು, ಮಗ ವಸಂತ್ ಇದ್ದ. ಜಾತಿಯಲ್ಲೂ ಅಂತಸ್ತಿನಲ್ಲೂ ಮಾರಕ್ಕ ಆ ಮನೆಗೆ ಹೊಂದುವವಳಲ್ಲ. ಹಾಗಾಗಿ ಊರಾಚೆ ತೋಟದ ಪಕ್ಕ ಅವಳಿಗೊಂದು ಹೆಂಚಿನ ಮನೆ ಆಯಿತು, ಕೀರ್ತನ ಹುಟ್ಟಿದಳು. ಅಪ್ಪಯ್ಯಣ್ಣ ಬಂದು ಹೋಗುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿರುವುದು ಬೇರೆ, ತೋರಿಸಲು ಏನಾದರೂ ಇರುವುದು ಬೇರೆ.

ಈಗ ತೋರಿಸುವ ಪ್ರಮೇಯ ಬಂದಿತ್ತು. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ಕೀರ್ತನಳನ್ನು ಒಪ್ಪಿದ್ದ. ಹುಡುಗನಿಗೆ ತಂದೆಯಿಲ್ಲ, ಮಾತುಕತೆಯೆಲ್ಲ ಸೋದರಮಾವ ಪಿಳ್ಳಣ್ಣನದು. ಅವನು ಒಂದೇ ಮಾತು ಹೇಳಿದ್ದ. ನಿಶ್ಚಿತಾರ್ಥಕ್ಕೆ ಹೆಣ್ಣಿನ ಅಪ್ಪ ಬಂದು ಕೂರಬೇಕು, ನಾಳೆ ನಾಲ್ಕು ಜನ ಏನಾದರೂ ಅಂದರೆ ತಾನು ತಲೆಯೆತ್ತಿ ಉತ್ತರ ಕೊಡಬೇಕು. ಅಪ್ಪಯ್ಯಣ್ಣ ಬರುತ್ತೇನೆ ಎಂದಿದ್ದ. ಅಷ್ಟರಲ್ಲಿ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಅಪ್ಪ ಮಗಳ ಜೊತೆ ಕೂತ ಒಂದು ಫೋಟೋ ಇದ್ದರೂ ಆದೀತು ಎಂದು ಪಿಳ್ಳಣ್ಣ ಅರೆಮನಸ್ಸಿನಿಂದ ಇಳಿದುಬಂದ. ಅಪ್ಪಯ್ಯಣ್ಣ ತೊದಲುತ್ತಲೇ, ವಿಜಯದಶಮಿ ದಿನ ಮನೆಗೇ ಬನ್ನಿ ಎಂದು ಹೇಳಿಕಳಿಸಿದ. ಹಬ್ಬದ ದಿನ ಹೊಸ್ತಿಲಿಗೆ ಬಂದವರನ್ನು ಯಾರೂ ಅಟ್ಟುವುದಿಲ್ಲ ಎಂಬ ಲೆಕ್ಕ ಮುದುಕನದು. ನಮ್ಮವನು ಎಂದು ಮಾರಕ್ಕ ದೇವೇಂದ್ರನನ್ನು ಗೊತ್ತು ಮಾಡಿದಳು.

ಅಂಥ ನಮ್ಮವನು ಈಗ ಉರಿಯುವ ದೀಪದ ಕೆಳಗೆ ನಿಂತು ಕರೆಂಟಿಲ್ಲ ಎನ್ನುತ್ತಿದ್ದ.

"ನಾಳೆ ಬರ್ತೀನಿ" ಎಂದು ಮಾರಕ್ಕ ಎದ್ದಳು. ಬಾಗಿಲ ಹತ್ತಿರ ನಿಂತು ತಿರುಗಿದಳು. "ಬೆಳಿಗ್ಗೆ ಗೇಟಿನತ್ರ ವಸಂತಪ್ಪ ನಿನ್ನ ಪಕ್ಕಕ್ಕೆ ಕರ್ಕೊಂಡೋಗಿ ಏನೋ ಮಾತಾಡ್ತಿದ್ನಲ್ಲ, ಏನದು?"

"ಏನಿಲ್ಲ ಅಕ್ಕ. ಲೇಔಟಿನ ಫೋಟೋ ವಿಚಾರ."

ಇದು ಮೂರನೆಯ ಸುಳ್ಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ದೇವೇಂದ್ರ ಬೇರೆಯವರನ್ನು ಅನುಮಾನಿಸುತ್ತ ಹೋದ. ಅದರಲ್ಲಿ ಒಂಥರಾ ಸಮಾಧಾನವಿತ್ತು. ಬೆಳಿಗ್ಗೆ ಅಪ್ಪಯ್ಯಣ್ಣನ ಮನೆ ಜಗಲಿಯ ಮೇಲೆ ಕ್ಯಾಮೆರಾ ಇಟ್ಟು ಕೈತೊಳೆಯಲು ಹೋದಾಗ ವಸಂತನ ಡ್ರೈವರ್ ಅಲ್ಲೇ ನಿಂತಿದ್ದ, ಅವನು ಕಿತ್ತುಕೊಂಡಿರಬಹುದು. ಆದರೆ ಪರ್ಸಿನಲ್ಲಿದ್ದದ್ದನ್ನು ಅವನು ಹೇಗೆ ತೆಗೆದಾನು? ಎದುರಿನ ಸ್ಟುಡಿಯೋದವನು ನಿನ್ನೆ ಕಡಲೆಪುರಿ ಕೊಡುವ ನೆಪದಲ್ಲಿ ಬಂದಿದ್ದ, ಅವನ ಕಣ್ಣು ಸರಿಯಿಲ್ಲ. ಹೀಗೆ ಮೂರು ನಾಲ್ಕು ಜನರನ್ನು ಕಳ್ಳರನ್ನಾಗಿ ಮಾಡಿ ಅವನು ಮನೆ ಸೇರಿದ.

ಯಾಕೆಂದರೆ ಮರೆವು ತನ್ನದಾಗಿರಲಾರದು ಎಂದು ಅವನಿಗೆ ಖಾತ್ರಿಯಿತ್ತು. ನಾಲ್ಕು ವರ್ಷದ ಹಿಂದೆ ವಿಜಯಪುರದ ಒಂದು ನಾಮಕರಣಕ್ಕೆ ಕಾರ್ಡು ಬಿಟ್ಟು ಹೋಗಿ, ಮಗುವಿನ ಅಜ್ಜನಿಂದ ಬೈಸಿಕೊಂಡು, ಅರ್ಧ ದಾರಿ ವಾಪಸ್ಸು ಬಂದಿದ್ದ. ಅವತ್ತಿನಿಂದ ಅವನಿಗೊಂದು ಕ್ರಮ. ಕಾರ್ಡು ಹೊರಗೆ ತೆಗೆದರೆ ಕ್ಯಾಮೆರಾದ ಬಾಗಿಲನ್ನು ಮುಚ್ಚುವಂತಿಲ್ಲ. ಕಾರ್ಡು ಮರಳಿ ಒಳಗೆ ಹೋಗುವವರೆಗೆ ಬಾಗಿಲು ತೆರೆದೇ ಇರಬೇಕು. ಕೈಗೆತ್ತಿಕೊಂಡಾಗ ತೆರೆದ ಬಾಗಿಲು ಬೆರಳಿಗೆ ತಗುಲಿ ನೆನಪು ಮಾಡುತ್ತದೆ. ಅದೂ ತಪ್ಪಿದರೆ ಪರ್ಸಿನಲ್ಲಿ ಇನ್ನೊಂದು. ಮದುವೆ ಸೀಸನ್ನಿನಲ್ಲಿ ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಅವನು ಇದನ್ನು ಮಂತ್ರದಂತೆ ಹೇಳಿಕೊಡುತ್ತಿದ್ದ. ಬಾಗಿಲು ಮುಚ್ಚಿತ್ತು ಎಂದರೆ ಕಾರ್ಡು ಒಳಗಿದೆ ಎಂದೇ ಅರ್ಥ.

ಬೆಳಿಗ್ಗೆ ಬಾಗಿಲು ಮುಚ್ಚಿತ್ತು.

ಮನೆಯ ದೇವರ ಮುಂದಿನ ಮಣೆಯ ಮೇಲೆ ನಿನ್ನೆಯ ಪೂಜೆ ಇನ್ನೂ ಕದಲಿರಲಿಲ್ಲ. ಫ್ಲ್ಯಾಶು, ಬ್ಯಾಟರಿ, ಮೂರುಕಾಲಿನ ಸ್ಟ್ಯಾಂಡು, ಮಗಳ ಜ್ಯಾಮಿಟ್ರಿ ಬಾಕ್ಸು, ಹೆಂಡತಿಯ ಹೊಲಿಗೆ ಕತ್ತರಿ. ನಡುವೆ ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಎರಡು ಕಾರ್ಡುಗಳು, ಒಂದೊಂದಕ್ಕೂ ಒಂದೊಂದು ಕುಂಕುಮದ ಬೊಟ್ಟು, ಮೇಲೆ ಬಾಡಿದ ಸೇವಂತಿಗೆ. ಇಟ್ಟವನು ಅವನೇ. ಆಯುಧಪೂಜೆಗೆ ಎಲ್ಲವನ್ನೂ ದೇವರ ಮುಂದೆ ಇಡಬೇಕು, ಪರ್ಸಿನಲ್ಲಿರುವುದನ್ನೂ, ಎಂದು ಹುರುಪಿನಲ್ಲಿ ತೆಗೆದು ಇಟ್ಟಿದ್ದು ಈಗ ನೆನಪಾಯಿತು. ಕ್ಯಾಮೆರಾವನ್ನು ಮಾತ್ರ ಬಾಗಿಲು ತೆರೆದೇ ಇಟ್ಟಿದ್ದ. ಅದೂ ಚೆನ್ನಾಗಿ ನೆನಪಿತ್ತು.

"ಕ್ಯಾಮೆರಾ ಬಾಗಿಲು ಯಾರು ಮುಚ್ಚಿದ್ದು?" ಎಂದು ಕೇಳಿದ.

ಭಾನುಪ್ರಿಯಾ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು. "ನಾನೇ. ಕುಂಕುಮ ಇಡುವಾಗ ಒಳಕ್ಕೆ ಉದುರುತ್ತೆ ಅಂತ ಮುಚ್ದೆ. ಮಿಷಿನ್ನು ಬಾಯ್ಬಿಟ್ಕೊಂಡಿದ್ರೆ ಪೂಜೆ ಮಾಡಕ್ಕಾಗುತ್ತಾ?"

ಅವನು ಬೈಯಲು ಬಾಯಿ ತೆರೆದ. ಬೈಯಲಾಗಲಿಲ್ಲ. ಅವಳು ಮಾಡಿದ್ದರಲ್ಲಿ ತಪ್ಪೇನೂ ಕಾಣಿಸಲಿಲ್ಲ. ನಡೆದದ್ದನ್ನು ಹೇಳಿದಾಗ ಅವಳು ಕೈಯೊರೆಸಿಕೊಳ್ಳುತ್ತ ಹೊರಗೆ ಬಂದಳು, ಮುಖ ಸಣ್ಣದು ಮಾಡಿಕೊಂಡಳು. ಪೂಜೆ ಕದಲಿಸುವ ಮೊದಲೇ ಕ್ಯಾಮೆರಾ ಎತ್ತಿಕೊಂಡು ಓಡಿದ್ದಕ್ಕೇ ಹೀಗಾಯಿತು ಎಂದಳು. ತಟ್ಟೆಯಲ್ಲಿದ್ದ ಕಾರ್ಡುಗಳನ್ನು ನೋಡುತ್ತಲೇ ಕೇಳಿದಳು.

"ವಸಂತಣ್ಣ ಏನಾದ್ರೂ ಹೇಳಿದ್ರಾ ನಿಮಗೆ?"

"ನೀನೂ ಶುರು ಮಾಡಿದ್ಯಾ?"

"ಕೇಳ್ದೆ ಅಷ್ಟೆ. ಇಷ್ಟು ವರ್ಷ ಮರೀದೋರು ಇವತ್ತೇ ಮರೆತ್ರಲ್ಲ ಅಂತ."

ವಸಂತ ಹೇಳಿದ್ದ. ಬೆಳಿಗ್ಗೆ ಗೇಟಿನ ಹತ್ತಿರ ದೇವೇಂದ್ರನ ಹೆಗಲ ಮೇಲೆ ಕೈಹಾಕಿ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿದ್ದ. ಹೊಸ ಲೇಔಟುಗಳ ಕರಪತ್ರಕ್ಕೆ ಫೋಟೋ ತೆಗೆಯುವ ಕೆಲಸವನ್ನೆಲ್ಲ ದೇವೇಂದ್ರನಿಗೇ ಕೊಡುತ್ತಿದ್ದವನು ಅವನು. ಸ್ಟುಡಿಯೋ ನಡೆಯುತ್ತಿದ್ದುದೇ ಅದರಿಂದ. "ನೋಡು ಗುರು, ಮುದುಕಂಗೆ ಆಸೆ, ತೆಗಿ. ನಾನು ಬೇಡ ಅನ್ನಲ್ಲ, ಹಬ್ಬದ ದಿನ ಜಗಳ ಯಾಕೆ. ಆದ್ರೆ ತೆಗ್ದಿದ್ದೆಲ್ಲ ಚೆನ್ನಾಗೇ ಬರ್ಬೇಕು ಅಂತೇನಿಲ್ಲ, ಅಲ್ವಾ? ಎಷ್ಟೋ ಫೋಟೋ ಹಾಳಾಗ್ತವೆ."

ದೇವೇಂದ್ರ ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ. "ನೋಡೋಣ ಅಣ್ಣ" ಎಂದಿದ್ದ. ಎರಡೂ ಕಡೆಯವರಿಗೆ ಬೇಕಾದವನಾಗಿರಲು ನಮ್ಮ ಕಡೆ ಬಳಸುವ ಮಾತು ಅದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮನಸ್ಸಿನಲ್ಲಿ ತಾನು ಫೋಟೋ ಕೊಟ್ಟೇ ಕೊಡುತ್ತಿದ್ದೆ ಎಂದು ಅವನು ನಂಬಿದ್ದ. ಬಹುಶಃ ಕೊಡುತ್ತಿದ್ದ. ಇದನ್ನು ಹೆಂಡತಿಗೆ ಅವನು ಹೇಳಲಿಲ್ಲ.

ಕಾರ್ಡಿನ ಮೇಲಿನ ಕುಂಕುಮ ಒರೆಸಿ, ಕ್ಯಾಮೆರಾಕ್ಕೆ ಹಾಕಿ, ಎರಡು ಸಲ ಪರೀಕ್ಷಿಸಿ, ಊಟವನ್ನೂ ಮಾಡದೆ ಮತ್ತೆ ಆ ಊರಿಗೆ ಹೋದ. ಹಗಲು ಇನ್ನೂ ಇತ್ತು. ಮುದುಕನಿಗೆ ಏನಾದರೂ ಹೇಳಿ ಜಗಲಿಗೆ ಕರೆತಂದು ಕೂರಿಸಿದರೆ ಮಾರಕ್ಕನನ್ನು ಕರೆಯುವುದು ಕಷ್ಟವಾಗಿರಲಿಲ್ಲ. ಆದರೆ ಅಂಗಳದಲ್ಲಿ ಜನ ಸೇರಿದ್ದರು. ಮಧ್ಯಾಹ್ನ ಉಂಡು ಮಲಗಿದ ಅಪ್ಪಯ್ಯಣ್ಣನಿಗೆ ಮತ್ತೊಮ್ಮೆ ಲಕ್ವ ಹೊಡೆದು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅರ್ಧ ಗಂಟೆಯಾಗಿತ್ತು. ಮೂರನೆಯ ದಿನ ಹೆಣ ಬಂತು.

ಅವತ್ತು ಆಸ್ಪತ್ರೆಗೆ ಬಟ್ಟೆಬರೆ ಒಯ್ಯಲೆಂದು ಹಿಂದೆ ಉಳಿದಿದ್ದ ವಸಂತ ಕಾರು ಹತ್ತುವ ಮೊದಲು ದೇವೇಂದ್ರನ ಕೈಯಲ್ಲಿದ್ದ ಕ್ಯಾಮೆರಾವನ್ನು ನೋಡಿ ಹತ್ತಿರ ಬಂದಿದ್ದ.

"ಏನ್ ಗುರು, ಮತ್ತೆ?"

"ಬೆಳಗಿನದು ಬಂದಿಲ್ಲ ಅಣ್ಣ. ಕಾರ್ಡು ಮರೆತುಬಿಟ್ಟಿದ್ದೆ."

ವಸಂತ ಅವನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಅವನ ಭುಜ ತಟ್ಟಿದ. "ಆಯ್ತು ಬಿಡು. ಮರೆವು ಮನುಷ್ಯಂಗೆ ಬರ್ದೆ ಮರಕ್ಕೆ ಬರುತ್ತಾ? ಒಳ್ಳೇದಾಗ್ಲಿ ನಿಂಗೆ." ಅಂಥ ಮೆಚ್ಚಿಗೆ ಅವನ ಕಣ್ಣಲ್ಲಿ ದೇವೇಂದ್ರ ಹಿಂದೆಂದೂ ಕಂಡಿರಲಿಲ್ಲ. ಅಲ್ಲ, ನಿಜವಾಗಿಯೂ ಮರೆತೆ ಎಂದು ಹೇಳಬೇಕೆಂದುಕೊಂಡ. ಅಪ್ಪ ಸಾಯುತ್ತಿರುವವನ ಹತ್ತಿರ ಅದನ್ನು ಎಳೆದಾಡುವುದು ಹೇಗೆ ಎಂದು ಸುಮ್ಮನಾದ. ಸುಮ್ಮನಿದ್ದದ್ದು ಒಪ್ಪಿಕೊಂಡ ಹಾಗೆ ಆಯಿತು.

ತಿಥಿ ಕಳೆದ ವಾರಕ್ಕೆ ವಸಂತನಿಂದ ಕರೆ ಬಂತು. ಹೆದ್ದಾರಿ ಪಕ್ಕ ಅವನ ದೊಡ್ಡ ಲೇಔಟಿನ ಭೂಮಿಪೂಜೆ, ಫೋಟೋ ವಿಡಿಯೋ ಎರಡೂ ದೇವೇಂದ್ರನದೇ. ಕ್ಯಾಮೆರಾ ಕಟ್ಟಿದ ಬಲೂನು ಬಿಟ್ಟು ಮೇಲಿನಿಂದ ಫೋಟೋ ತೆಗೆಸುವ ಏರ್ಪಾಡೂ ಇತ್ತು. ದೇವೇಂದ್ರ ಹೋದ. ಹೋಗದೆ ಇದ್ದರೆ ಬೇರೆ ಅರ್ಥವಾಗುತ್ತಿತ್ತು, ಹೋದರೆ ಇನ್ನೊಂದು ಅರ್ಥವಾಯಿತು. ಹೋಟೆಲಿನಲ್ಲಿ ಅವನು ಕಾಲಿಟ್ಟರೆ ಮಾತು ನಿಲ್ಲತೊಡಗಿತು. ಫೋಟೋ ವಿಷಯ ಯಾರೂ ಎತ್ತದಿದ್ದರೂ ಅವನೇ ಮುಂದಾಗಿ, ಅದು ಆಯುಧಪೂಜೆ ದಿನ ಏನಾಯಿತೆಂದರೆ ಎಂದು ಶುರು ಮಾಡುತ್ತಿದ್ದ. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ತಾನೆ.

ವಿಚಿತ್ರವೆಂದರೆ ಹೇಳುತ್ತ ಹೇಳುತ್ತ ಅವನಿಗೇ ಅನುಮಾನ ಬರತೊಡಗಿತು. ಜಗಲಿಯ ಮೇಲೆ ಫೋಟೋ ತೆಗೆದು ಮಾರಕ್ಕನಿಗೆ ತೋರಿಸಿದಾಗ ಕ್ಯಾಮೆರಾವನ್ನು ಹೇಗೆ ಹಿಡಿದಿದ್ದೆ ಎಂದು ಮತ್ತೆ ಮತ್ತೆ ನೆನಪು ಮಾಡಿಕೊಂಡ. ಗಾಜಿನ ಮೂಲೆಯಲ್ಲಿ, ಕಾರ್ಡಿಲ್ಲ ಎಂಬ ಅಕ್ಷರ ಬರುವ ಜಾಗದ ಮೇಲೆಯೇ ತನ್ನ ಹೆಬ್ಬೆರಳು ಇತ್ತು. ಅದು ತಾನಾಗಿ ಅಲ್ಲಿತ್ತೇ, ತಾನು ಇಟ್ಟದ್ದೇ? ಒಂದು ಕ್ಷಣ ಅಕ್ಷರ ಕಂಡಿತ್ತೇ? ಕಂಡಿತ್ತು ಎಂದುಕೊಂಡರೆ ಕಂಡ ಹಾಗೆಯೇ ಆಗುತ್ತಿತ್ತು, ಇಲ್ಲ ಎಂದುಕೊಂಡರೆ ಇಲ್ಲ. ಬಿಸಿಲು ಹಿಂದಿನಿಂದ ಬರುತ್ತಿತ್ತು. ಕೆಲಸದ ಮಧ್ಯೆ ನಿಂತು ಅವನು ಹೆಬ್ಬೆರಳನ್ನು ನೋಡಿಕೊಳ್ಳುವುದನ್ನು ಭಾನುಪ್ರಿಯಾ ಕಂಡಳು.

ಮಾರಕ್ಕ ಹೇಳಿದಂತೆ ಮರುದಿನ ಬರಲಿಲ್ಲ. ಒಂದು ತಿಂಗಳು ಬರಲೇ ಇಲ್ಲ. ಕಾರ್ತಿಕದ ಎರಡನೆಯ ಸೋಮವಾರ ಬೆಳಿಗ್ಗೆ ಬಂದವಳು ಸ್ಟುಡಿಯೋದ ಒಳಗೆ ಕಾಲಿಡಲಿಲ್ಲ, ಮೆಟ್ಟಿಲ ಕೆಳಗೇ ನಿಂತಳು. ಹಣೆ ಬೋಳಾಗಿತ್ತು. ಮೂಗುಬೊಟ್ಟೂ ಇರಲಿಲ್ಲ.

"ಪಿಳ್ಳಣ್ಣ ಬಂದವ್ನೆ. ಮುನೇಶ್ವರನ ಗುಡಿ ತಾವ ಕೂರಿಸಿದೀನಿ. ನೀನು ಬಂದು ಕರ್ಪೂರ ಆರಿಸ್ಬೇಕು."

ಗುಡಿಯಲ್ಲಿ ಕರ್ಪೂರ ಹಚ್ಚಿ, ಹೇಳುವುದನ್ನು ಹೇಳಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸುವುದು ಆ ಸೀಮೆಯ ಪ್ರಮಾಣ. ಸುಳ್ಳು ಹೇಳಿ ಆರಿಸಿದವನ ಮನೆ ಉದ್ಧಾರವಾಗುವುದಿಲ್ಲ ಎಂದು ಕೋರ್ಟಿಗೆ ಹೆದರದವರೂ ಅದಕ್ಕೆ ಹೆದರುತ್ತಿದ್ದರು. ದೇವೇಂದ್ರ ಮತ್ತೆ ಹೆಬ್ಬೆರಳು ನೋಡಿಕೊಂಡ. ವಸಂತ ಹೇಳಿ ನಾನು ಮಾಡಲಿಲ್ಲ ಎಂದು ಪ್ರಮಾಣ ಮಾಡಬೇಕು, ಅಷ್ಟೇ ತಾನೆ? ತಿಂಗಳ ಹಿಂದಾಗಿದ್ದರೆ ಎರಡೂ ಕೈಯಿಂದ ಆರಿಸುತ್ತಿದ್ದ.

"ಹೋಗಿ ಬನ್ನಿ" ಎಂದಳು, ಸ್ಟುಡಿಯೋ ಗುಡಿಸುತ್ತಿದ್ದ ಭಾನುಪ್ರಿಯಾ. "ಹೋಗ್ದೇ ಇದ್ರೆ ಅದೇ ಉತ್ತರ ಆಗುತ್ತೆ."

ಗುಡಿಯ ಮುಂದಿನ ಕಲ್ಲುಹಾಸಿನ ಮೇಲೆ ಪಿಳ್ಳಣ್ಣ ಚಪ್ಪಲಿ ಬಿಚ್ಚಿಟ್ಟು ಕೂತಿದ್ದ. ಐವತ್ತು ದಾಟಿದ ಗಟ್ಟಿ ಆಳು, ಎದುರಿನವನ ಬಾಯಿಯನ್ನೇ ನೋಡುತ್ತ ಮಾತು ಕೇಳುವ ಅಭ್ಯಾಸ. ಕೀರ್ತನ ಗುಡಿಯ ಪಕ್ಕದಲ್ಲಿ ದುಪಟ್ಟಾದ ಅಂಚು ಹಿಡಿದು ನಿಂತಿದ್ದಳು. ಅವಳು ದೇವೇಂದ್ರನ ಕಡೆ ನೋಡಲೇ ಇಲ್ಲ. ಪೂಜಾರಿ ತಟ್ಟೆಯಲ್ಲಿ ಕರ್ಪೂರ ಇಟ್ಟು ಹಚ್ಚಿದ.

"ಕೇಳೋಳು ನಾನು" ಎಂದಳು ಮಾರಕ್ಕ. "ಇದ್ದದ್ದು ಇದ್ದಂಗೆ ಹೇಳು. ಆಮೇಲೆ ಆರ್ಸು. ಹಬ್ಬದ ದಿನ ಆ ಮನೆ ಜಗಲಿ ಮೇಲೆ ಫೋಟೋ ತೆಗ್ದೆಯಾ ಇಲ್ವಾ?"

ಇದು ಅವನು ಕಾಯುತ್ತಿದ್ದ ಪ್ರಶ್ನೆಯಲ್ಲ. "ತೆಗ್ದೆ" ಎಂದ.

"ಅದ್ರಾಗೆ ಯಾರಿದ್ರು ಅಂತ ಹೇಳು. ಇವ್ರಿಗೆ ಕೇಳ್ಲಿ."

ದೇವೇಂದ್ರ ಉರಿಯನ್ನು ನೋಡುತ್ತ ಹೇಳತೊಡಗಿದ. ಅಪ್ಪಯ್ಯಣ್ಣ ಕೈಯಿರುವ ಮರದ ಕುರ್ಚಿಯಲ್ಲಿ ಕೂತಿದ್ದ, ಹೊಸ ಪಂಚೆ, ಮೇಲೆ ಬಿಳಿ ಟವಲು. ಎಡಕ್ಕೆ ಮಾರಕ್ಕ, ಬಲಕ್ಕೆ ಕೀರ್ತನ. ಬಲಗೈ ಬಿದ್ದುಹೋಗಿತ್ತಲ್ಲ, ತೊಡೆಯ ಮೇಲೆ ಸುಮ್ಮನೆ ಇತ್ತು. ಅವನು ಎಡಗೈಯಿಂದ ಮಗಳ ಕೈ ಎಳೆದುಕೊಂಡು ಆ ಬಿದ್ದ ಕೈಯ ಮೇಲೆ ಇಟ್ಟುಕೊಂಡ.

"ಹಿರೇ ಹೆಂಡ್ತಿ?" ಎಂದು ಪಿಳ್ಳಣ್ಣ ನಡುವೆ ಬಾಯಿ ಹಾಕಿದ. "ಆಯಮ್ಮ ಒಪ್ಪಿದ್ರಾ, ಇಲ್ಲ ಕದ್ದು ತೆಗ್ದಿದ್ದಾ?"

ದೇವೇಂದ್ರ ತಡೆದ. ಇದನ್ನು ಹೇಳಿದರೆ ಸಂಜೆಯೊಳಗೆ ವಸಂತನ ಕಿವಿಗೆ ಬೀಳುತ್ತದೆ, ಆಮೇಲೆ ಲೇಔಟೂ ಇಲ್ಲ, ಬಲೂನೂ ಇಲ್ಲ. ಕರ್ಪೂರ ಅರ್ಧ ಉರಿದಿತ್ತು.

"ಅಮ್ಮಯಮ್ಮನವ್ರು ಬಾಗಿಲಲ್ಲಿ ನಿಂತಿದ್ರು. ಅಪ್ಪಯ್ಯಣ್ಣನವ್ರು ಕೈ ಮಾಡಿ ಕರೆದ್ರು. ಮೊದ್ಲು ಬರ್ಲಿಲ್ಲ. ಆಮೇಲೆ ಬಂದು ಕುರ್ಚಿ ಹಿಂದೆ ನಿಂತ್ಕೊಂಡ್ರು. ಬೇಗ ತೆಗೆಯಪ್ಪ, ಒಲೆ ಮೇಲೆ ಹಾಲೈತೆ ಅಂದ್ರು. ತೆಗ್ದೆ. ಉಕ್ಕೋ ವಾಸನೆ ಬಂತು, ಒಳಕ್ಕೆ ಓಡಿದ್ರು."

ದೇವೇಂದ್ರ ಅಂಗೈ ಚಾಚಿ ಕರ್ಪೂರವನ್ನು ಅದುಮಿದ. ಚುರ್ ಎಂದಿತು, ಕೈ ಕಪ್ಪಾಯಿತು. ಪಿಳ್ಳಣ್ಣ ಅವನ ಬಾಯಿಯಿಂದ ಕಣ್ಣು ತೆಗೆದು ಎದ್ದು ನಿಂತ.

"ಹಾಲಿನ ವಿಚಾರ ಬಂತಲ್ಲ, ಅಷ್ಟು ಸಾಕು" ಎಂದ. "ಕಟ್ಟಿ ಹೇಳೋನಿಗೆ ಹಾಲು ಉಕ್ಕಿದ್ದು ಹೊಳಿಯಲ್ಲ." ಚಪ್ಪಲಿ ಮೆಟ್ಟಿಕೊಳ್ಳುತ್ತ ಕೀರ್ತನಳಿಗೆ, "ನಡಿಯಮ್ಮ, ಬಿಸಿಲಾಗುತ್ತೆ" ಎಂದ. ಅದೇ ಮೊದಲ ಸಲ ಅವನು ಅವಳನ್ನು ಅಮ್ಮ ಎಂದು ಕರೆದದ್ದು. ಕೀರ್ತನ ಕಣ್ಣೊರೆಸಿಕೊಂಡು ಅವನ ಹಿಂದೆ ಹೆಜ್ಜೆಯಿಟ್ಟಳು.

ಮಾರಕ್ಕ ಸೆರಗಿನ ಗಂಟಿಗೆ ಕೈಹಾಕಿ ಪೂಜಾರಿಯ ದಕ್ಷಿಣೆ ಹುಡುಕುತ್ತಿದ್ದಳು. ದೇವೇಂದ್ರ ಹೋಗದೆ ನಿಂತೇ ಇದ್ದ. ಹಗುರಾಗಬೇಕಾಗಿತ್ತು, ಆಗಿರಲಿಲ್ಲ.

"ಅಕ್ಕ, ಇನ್ನೊಂದು ನೀವು ಕೇಳ್ಲೇ ಇಲ್ಲ."

"ಯಾವ್ದಪ್ಪಾ?"

"ಕಾರ್ಡಿನ ವಿಚಾರ. ವಸಂತಣ್ಣ..." ಅಲ್ಲಿಗೇ ಮಾತು ನಿಂತಿತು.

ಮಾರಕ್ಕ ಅವನನ್ನು ನೋಡಿದಳು. ಸ್ಟುಡಿಯೋದಲ್ಲಿ ಟ್ಯೂಬ್‌ಲೈಟು ನೋಡಿ ಆಮೇಲೆ ನೋಡಿದ್ದಳಲ್ಲ, ಹಾಗಲ್ಲ. ಕೋಪವೇನೂ ಇರಲಿಲ್ಲ ಅದರಲ್ಲಿ. ನಂಬಿಕೆಯೂ ಇರಲಿಲ್ಲ.

"ನಂಗೆ ಬೇಕಾಗಿದ್ದು ಆಯ್ತು. ಅದನ್ನ ಕೇಳಿದ್ರೆ ನೀನು ಆರಿಸ್ತಿದ್ದೆ ಅಂತೈತೇನು? ಆರಿಸ್ದೆ ನಿಂತ್ಬಿಟ್ಟಿದ್ರೆ ಪಿಳ್ಳಣ್ಣ ಇದನ್ನೂ ನಂಬ್ತಿರ್ಲಿಲ್ಲ." ಪೂಜಾರಿಯ ತಟ್ಟೆಯ ಪಕ್ಕದಲ್ಲಿ ಅವಳೇ ತಂದಿದ್ದ ಕರ್ಪೂರದ ಪೊಟ್ಟಣವಿತ್ತು. ಅದರಲ್ಲಿ ಉಳಿದ ಒಂದು ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ ಅವನ ಕಪ್ಪಾದ ಅಂಗೈಗೆ ಹಾಕಿದಳು. "ಇದೊಂದು ಮಿಕ್ತು. ಮನೇಗೆ ತಗ. ಕೇಳ್ಕೊಳ್ಳೋದಿದ್ರೆ ನೀನೇ ಕೇಳ್ಕೋ."

ವಸಂತನ ಕರೆ ಆಮೇಲೆ ಬರಲಿಲ್ಲ. ಲೇಔಟಿನ ಕೆಲಸ ಎದುರಿನ ಸ್ಟುಡಿಯೋದವನಿಗೆ ಹೋಯಿತು. ನಿಶ್ಚಿತಾರ್ಥ ಕಾರ್ತಿಕದಲ್ಲೇ ಆಯಿತು, ಮದುವೆ ಮಾಘದಲ್ಲಿ. ಎರಡಕ್ಕೂ ಫೋಟೋ ತೆಗೆಯಲು ಮಾರಕ್ಕ ವಿಜಯಪುರದಿಂದ ಬೇರೆಯವನನ್ನು ಕರೆಸಿದಳು. ಮದುವೆಯ ಕರೆಯೋಲೆ ಮಾತ್ರ ದೇವೇಂದ್ರನಿಗೂ ಬಂದಿತ್ತು. ಅದರಲ್ಲಿ ಹೆಣ್ಣಿನ ಹೆಸರಿನ ಕೆಳಗೆ ದಿವಂಗತ ಅಪ್ಪಯ್ಯಣ್ಣನವರ ಸುಪುತ್ರಿ ಎಂದು ಅಚ್ಚಾಗಿತ್ತು. ಅವನು ಎರಡು ಸಲ ಓದಿ, ಇಡಲು ಮೇಜಿನ ಡ್ರಾಯರ್ ಎಳೆದ.

ಡ್ರಾಯರಿನ ಮೂಲೆಯಲ್ಲಿ ಆ ಪೊಟ್ಟಣ ಇತ್ತು. ಗುಡಿಯಿಂದ ಬಂದ ದಿನ ಅಲ್ಲಿಟ್ಟಿದ್ದು. ಹಚ್ಚಿರಲಿಲ್ಲ, ಎಸೆದೂ ಇರಲಿಲ್ಲ. ಇವತ್ತು ನಾಳೆ ಎನ್ನುತ್ತ ಮೂರು ತಿಂಗಳಾಗಿತ್ತು. ಕೈಗೆತ್ತಿಕೊಂಡರೆ ತೂಕವೇ ಇರಲಿಲ್ಲ. ಬಿಚ್ಚಿ ನೋಡಿದ. ಕಾಗದ ಖಾಲಿ.

"ಭಾನು" ಎಂದು ಕರೆದ. "ಇಲ್ಲೊಂದು ಕರ್ಪೂರ ಇತ್ತು. ನೀನು ತಗೊಂಡ್ಯಾ?"

ಪರದೆಯ ಧೂಳು ಕೊಡವುತ್ತಿದ್ದ ಭಾನುಪ್ರಿಯಾ ತಿರುಗಿ ನೋಡಿದಳು. "ನಾನ್ಯಾಕೆ ತಗೊಳ್ಳಿ? ಕರ್ಪೂರ ಹಂಗೇ ಇಟ್ರೆ ಉಳಿಯುತ್ತಾ? ಜೊತೆಗೆ ನಾಲ್ಕು ಮೆಣಸಿನಕಾಳು ಹಾಕಿಡ್ಬೇಕಿತ್ತು."

ದೇವೇಂದ್ರ ಕಾಗದವನ್ನು ಮೂಗಿನ ಹತ್ತಿರ ತಂದ. ವಾಸನೆ ಇನ್ನೂ ಗಾಢವಾಗಿತ್ತು. ಹಳೆಯ ಮಡಿಕೆಗಳ ಮೇಲೆಯೇ ಅದನ್ನು ಮತ್ತೆ ಮಡಚಿ ಡ್ರಾಯರಿನೊಳಗೆ ಇಟ್ಟ.